ಕೆಂಪು ಹೂವಿಗೆ ಆಳದ ಕುಂಡ

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಂದು ಹದವಾದ ಮಳೆ ಬಿದ್ದರೆ, ಕೆಲವು ತಿಂಗಳಲ್ಲಿ ಕೆಂಪು ಮಣ್ಣಿನ ಮೇಲೆ ಅದಕ್ಕಿಂತ ಕೆಂಪಾದ ಹೂವು ಹಬ್ಬಿಕೊಳ್ಳುತ್ತದೆ. ಹೆಸರು ಸ್ಟರ್ಟ್ಸ್ ಡೆಸರ್ಟ್ ಪೀ. ಸಸ್ಯಶಾಸ್ತ್ರಜ್ಞರಿಗೆ ಸ್ವೇನ್ಸೋನಾ ಫಾರ್ಮೋಸಾ. ನಮ್ಮ ಅವರೆ, ತೊಗರಿ, ಅಗಸೆಮರದ ಕುಟುಂಬದ್ದೇ. ಆದರೆ ಒಂದೊಂದು ಹೂವೂ ಸುಮಾರು 9 ಸೆಂ.ಮೀ. ಉದ್ದ. ಪತಾಕೆಯ ದಳ ಮೇಲೆದ್ದು ನಿಂತರೆ ದೋಣಿದಳ ಕೆಳಗೆ ಚೂಪಾಗಿ ಇಳಿಯುತ್ತದೆ. ನಡುವೆ ಕಣ್ಣುಗುಡ್ಡೆಯಂತೆ ಹೊಳೆಯುವ ಕಪ್ಪು ಉಬ್ಬು.

1699ರಲ್ಲಿ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ಆಸ್ಟ್ರೇಲಿಯಾದ ವಾಯವ್ಯ ಕರಾವಳಿಯ ದ್ವೀಪವೊಂದರಲ್ಲಿ ಇದನ್ನು ಸಂಗ್ರಹಿಸಿದ. ಅವನು ಒಣಗಿಸಿಟ್ಟ ಮಾದರಿ ಆಕ್ಸ್‌ಫರ್ಡ್‌ನಲ್ಲಿದೆ. ಹೆಸರು ಮಾತ್ರ 1844ರಲ್ಲಿ ಖಂಡದ ನಡುಭಾಗ ಹುಡುಕಿ ಹೊರಟ ಚಾರ್ಲ್ಸ್ ಸ್ಟರ್ಟ್‌ನ ಪಾಲಾಯಿತು. 1961ರಿಂದ ಇದು ಸೌತ್ ಆಸ್ಟ್ರೇಲಿಯಾದ ರಾಜ್ಯಪುಷ್ಪ. ನಾರ್ದರ್ನ್ ಟೆರಿಟರಿಯ ಲಾಂಛನವಾದ ಸ್ಟರ್ಟ್ಸ್ ಡೆಸರ್ಟ್ ರೋಸ್ ಬೇರೆಯೇ ಗಿಡ. ಅದು ಗುಲಾಬಿಯೂ ಅಲ್ಲ, ನಮ್ಮ ರೈತರು ಬೆಳೆಯುವ ಹತ್ತಿಯ ಹತ್ತಿರದ ಸಂಬಂಧಿ.

ಬರಕ್ಕೆ ಬಗ್ಗದ ಗಿಡ ಎಂದ ಕೂಡಲೇ ನೀರೇ ಬೇಡ ಎಂದುಕೊಳ್ಳುವವರು ಬಹಳ. ಈ ಗಿಡದ ಮಟ್ಟಿಗೆ ಅದು ಅರ್ಧ ಸತ್ಯ. ನಿಜವಾಗಿ ಬರವನ್ನು ದಾಟುವುದು ಗಿಡಕ್ಕಿಂತ ಹೆಚ್ಚಾಗಿ ಬೀಜ. ಗಟ್ಟಿ ಸಿಪ್ಪೆಯೊಳಗೆ ಅದು ವರ್ಷಗಟ್ಟಲೆ ಮಣ್ಣಲ್ಲಿ ಮಲಗಿರಬಲ್ಲದು. ಮೊಳೆತ ಮೇಲೆ ಗಿಡ ಮೊದಲು ಮಾಡುವ ಕೆಲಸ ತಾಯಿಬೇರನ್ನು ಆಳಕ್ಕೆ ಇಳಿಸುವುದು. ಮೇಲ್ಮಣ್ಣು ಕಾದು ಒಣಗುವಷ್ಟರಲ್ಲಿ ಬೇರು ತೇವ ಸಿಗುವ ಕಡೆ ತಲುಪಿರಬೇಕು. ಎಲೆಯ ಮೇಲಿನ ಬೂದು ರೋಮಗಳು ನೀರಿನ ಖರ್ಚನ್ನು ತಗ್ಗಿಸುತ್ತವೆ.

ಕೈತೋಟದ ಕ್ರಮವೆಲ್ಲ ಇದರಿಂದಲೇ ಹುಟ್ಟುತ್ತದೆ. ಬೀಜವನ್ನು ಮರಳು ಕಾಗದದಲ್ಲಿ ಮೆಲ್ಲನೆ ಉಜ್ಜಿ ಅಥವಾ ಸಿಪ್ಪೆಗೆ ಸಣ್ಣ ಕಚ್ಚು ಕೊಟ್ಟು, ರಾತ್ರಿಯಿಡೀ ಬೆಚ್ಚಗಿನ ನೀರಲ್ಲಿ ನೆನೆಹಾಕಬೇಕು. ಉಬ್ಬಿದವು ಬಿತ್ತನೆಗೆ ಸಿದ್ಧ. ಬೇರು ಅಲುಗಿದರೆ ಸಸಿ ಸೊರಗುವುದರಿಂದ ಗಿಡ ಇರಬೇಕಾದ ಜಾಗದಲ್ಲೇ ಬಿತ್ತುವುದು ಮೇಲು. ಅಗಲದ ಕುಂಡಕ್ಕಿಂತ ಆಳದ ಕುಂಡ ಬೇಕು. ಆಸ್ಟ್ರೇಲಿಯಾದ ತೋಟಗಾರರು ಚರಂಡಿಗೆ ಬಳಸುವ ಮಣ್ಣಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಮರಳು ಬೆರೆಸಿದ ಮಣ್ಣು ತುಂಬಿ ಬೆಳೆಸುತ್ತಾರೆ. ಬಳ್ಳಿ ಅಂಚಿನಿಂದ ಇಳಿಬೀಳುತ್ತದೆ. ಎಳೆಯ ಸಸಿಗೆ ನೀರು ತಪ್ಪಿಸಬಾರದು. ಆದರೆ ಬೆಳಿಗ್ಗೆಯೇ ಹಾಕಿ, ಬುಡಕ್ಕೆ ಮಾತ್ರ ಹಾಕಿ. ಎಲೆ ಒದ್ದೆಯಾದರೆ ಶಿಲೀಂಧ್ರಕ್ಕೆ ದಾರಿ. ನೀರು ಬಸಿಯದೆ ನಿಂತರೆ ಬೇರು ಕೊಳೆಯುತ್ತದೆ. ಬುಡಕ್ಕೆ ಎಲೆಗೊಬ್ಬರದ ಬದಲು ಜಲ್ಲಿ ಹರಡಿ. ದಿನವಿಡೀ ಬಿಸಿಲಿರಲಿ. ಬಸವನಹುಳುಗಳಿಗೆ ಈ ಸಸಿ ಬಲು ಇಷ್ಟ, ರಾತ್ರಿ ಕಾವಲು ಬೇಕು.

ತಂಪು ನಾಡಿನ ತೋಟಗಾರರೂ ಇದಕ್ಕೆ ಸೋತವರೇ. ಯುರೋಪಿನಲ್ಲಿ ಅದೇ ಕುಟುಂಬದ ಕೊಲುಟಿಯಾ ಎಂಬ ಗಟ್ಟಿ ಪೊದೆಯ ಬೇರಿಗೆ ಇದನ್ನು ಕಸಿ ಕಟ್ಟಿದರು. ಹಸಿ ಮಣ್ಣು, ಚಳಿ ಎರಡನ್ನೂ ತಾಳುವ ಬೇರು ಸಿಕ್ಕಿದ್ದೇ ತಡ, ಹೂವು ಗಾಜಿನ ಮನೆಗಳಲ್ಲಿ ಅರಳಿತು. ಗಿಡದ ಬಲಹೀನತೆ ಎಲ್ಲಿದೆ ಎಂಬುದನ್ನು ಆ ಕಸಿಯೇ ತೋರಿಸಿಕೊಟ್ಟಿತು ಎಂದು ನನ್ನ ಭಾವನೆ.

ಇಲ್ಲಿ ಬೆಳೆಸುವ ಆಸೆಯಾದರೆ ನೆನಪಿಡಿ: ವಿದೇಶಿ ಬೀಜ ತರಿಸಲು ಸಸ್ಯ ಸಂಗರೋಧದ ನಿಯಮಗಳಿವೆ, ಪ್ರವಾಸಿಗರ ಜೇಬಿನಲ್ಲಿ ಅದು ಬರಕೂಡದು. ಅಡಿಲೇಡ್, ಪರ್ತ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಆ ತೊಡಕಿಲ್ಲ; ಅಲ್ಲಿನ ನರ್ಸರಿಗಳಲ್ಲಿ ಬೀಜ ಸಿಗುತ್ತದೆ. ರಸ್ತೆಬದಿಯಲ್ಲಿ ಅರಳಿದ್ದನ್ನು ಮಾತ್ರ ಮುಟ್ಟಬೇಡಿ. ಸೌತ್ ಆಸ್ಟ್ರೇಲಿಯಾದಲ್ಲಿ ಈ ಗಿಡಕ್ಕೆ ಕಾನೂನಿನ ರಕ್ಷಣೆಯಿದೆ, ಅನುಮತಿಯಿಲ್ಲದೆ ಕಾಡಿನ ಹೂವು ಕೀಳುವಂತಿಲ್ಲ.