ಶಿಂಷೆಯ ದಾರಿಯಲ್ಲಿ ವಿಜ್ಞಾನದ ಪಾಠ

ಹೊಂದಾಣಿಕೆಗೆ ಉದಾಹರಣೆ ಕೊಡಿರೆಂದೊಡನೆ ನಮ್ಮ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳು ಮರುಭೂಮಿಯ ಒಂಟೆಯನ್ನೂ ಧ್ರುವಪ್ರದೇಶದ ಹಿಮಕರಡಿಯನ್ನೂ ಹೆಸರಿಸುತ್ತಾರೆ. ಉತ್ತರ ಸರಿ, ಅಂಕವೂ ದೊರೆಯುತ್ತದೆ. ಆದರೆ ದಿನವೂ ಕಾಣುವ ಕೆರೆಯ ತಾವರೆಯನ್ನು ತೋರಿಸಿ, ಇದರ ಎಲೆ ಏಕೆ ನೆನೆಯುವುದಿಲ್ಲವೆಂದು ಕೇಳಿದರೆ ತರಗತಿ ಮೌನವಾಗುತ್ತದೆ. ಕಂಡದ್ದನ್ನು ಪ್ರಶ್ನಿಸುವುದು, ಪ್ರಶ್ನಿಸಿದ್ದನ್ನು ಅಳೆಯುವುದು, ಅಳೆದದ್ದನ್ನು ಬರೆದಿಡುವುದು ವಿಜ್ಞಾನದ ಮೊದಲ ಮೂರು ಮೆಟ್ಟಿಲುಗಳು. ಇವಕ್ಕೆ ಬೇಕಾದ ಪ್ರಯೋಗಶಾಲೆ ನಮ್ಮ ಊರುಗಳಲ್ಲಿಯೇ ಇದೆ.

ತುಮಕೂರಿನ ಸಮೀಪದ ದೇವರಾಯನದುರ್ಗದ ಬೆಟ್ಟಸಾಲು ಎರಡು ನದಿಗಳ ತವರು. ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ಹಾಯ್ದು, ಕೊನೆಗೆ ಕಾವೇರಿಯಲ್ಲಿ ಒಂದಾಗುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆಹನಿ ಯಾವ ಮಗ್ಗುಲಿಗೆ ಬಿತ್ತೆಂಬುದೇ ಅದರ ದಾರಿಯನ್ನು ನಿರ್ಧರಿಸುತ್ತದೆ. ಈ ದಾರಿಯುದ್ದಕ್ಕೂ ಇರುವ ಕೆರೆಗಳೂ, ಜನಪದ ಗೀತೆಯಲ್ಲಿ ಹೆಸರಾದ ಕುಣಿಗಲ್ ಕೆರೆಯೂ ನಮ್ಮ ಪಾಠಕ್ಕೆ ತೆರೆದ ಪುಸ್ತಕಗಳು.

ಮೊದಲು ತಾವರೆಯನ್ನೇ ನೋಡೋಣ. ಅದರ ಎಲೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳೂ ಮೇಣದ ಲೇಪವೂ ಇರುವುದರಿಂದ ನೀರು ಮುತ್ತಾಗಿ ಉರುಳಿಹೋಗುತ್ತದೆ. ನೆಲದ ಮೇಲಿನ ಅನೇಕ ಗಿಡಗಳಲ್ಲಿ ಪತ್ರರಂಧ್ರಗಳು ಎಲೆಯ ಕೆಳಭಾಗದಲ್ಲಿ ಹೆಚ್ಚಾಗಿದ್ದರೆ, ತಾವರೆಯಲ್ಲಿ ಅವು ಮೇಲ್ಭಾಗದಲ್ಲಿವೆ. ದಂಟನ್ನು ಅಡ್ಡವಾಗಿ ಕೊಯ್ದರೆ ಗಾಳಿಯ ಕೊಳವೆಗಳು ಕಾಣುತ್ತವೆ; ಕೆಸರಿನಲ್ಲಿ ಹುದುಗಿದ ಗೆಡ್ಡೆಗೆ ಉಸಿರು ತಲಪುವುದು ಇವುಗಳ ಮೂಲಕವೇ. ಕೆರೆಯ ಏರಿಯ ಮೇಲಿನ ಜಾಲಿಯಾದರೋ ಬೇರೆ ಬಗೆಯದು. ಕಿರಿದಾದ ಎಲೆಗಳು ನೀರಿನ ನಷ್ಟವನ್ನು ತಗ್ಗಿಸುತ್ತವೆ. ಮುಳ್ಳುಗಳು ದನಕರುಗಳಿಂದ ರಕ್ಷಿಸುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಯು ತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ, ಕಣ್ಣಿಗಿಂತ ಹೆಚ್ಚಾಗಿ ಸ್ಪರ್ಶದಿಂದಲೇ ಮೀನನ್ನು ಹಿಡಿಯುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಕೊಕ್ಕರೆಯು ಬಯಸಿ ತನ್ನ ಕಾಲನ್ನು ಉದ್ದ ಮಾಡಿಕೊಳ್ಳಲಿಲ್ಲ. ಹುಟ್ಟಿನಿಂದ ಬಂದ ಅನುಕೂಲ ಲಕ್ಷಣವುಳ್ಳವು ಹೆಚ್ಚು ಬದುಕಿ ಹೆಚ್ಚು ಮರಿಗಳನ್ನು ಪಡೆದುದರಿಂದ, ಅಸಂಖ್ಯ ತಲೆಮಾರುಗಳಲ್ಲಿ ಆ ಲಕ್ಷಣವು ನೆಲೆಗೊಂಡಿತು.

ಪರಿಸರ ಬದಲಾದರೆ ಒಂದು ಜೀವಿಯ ಹೊಂದಾಣಿಕೆ ಉಳಿದವಕ್ಕೆ ಕುತ್ತಾಗಬಹುದು. ನೇರಳೆ ಹೂವಿನ ತೇಲುಗಳೆಯೊಂದನ್ನು ನೀವು ಕೆರೆಗಳಲ್ಲಿ ಕಂಡಿರಬಹುದು. ದಕ್ಷಿಣ ಅಮೆರಿಕ ಮೂಲದ ಈ ಗಿಡದ ಉಬ್ಬಿದ ತೊಟ್ಟಿನಲ್ಲಿ ಗಾಳಿ ತುಂಬಿರುವುದರಿಂದ ಅದು ಮುಳುಗದು. ಕೊಳಚೆ ನೀರು ಸೇರಿದ ಕೆರೆಯಲ್ಲಿ ಸಾರಜನಕ, ರಂಜಕಗಳ ಅಂಶ ಹೆಚ್ಚಿ, ಅದು ಮಿತಿಮೀರಿ ಬೆಳೆಯುತ್ತದೆ. ಆಗ ನೀರೊಳಗಿನ ಪಾಚಿಗೂ ಸಸ್ಯಗಳಿಗೂ ಬೆಳಕು ಸಿಗದು, ಕೊಳೆತ ಕಳೆಯನ್ನು ವಿಘಟಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ, ಮೀನು ಸಾಯುತ್ತದೆ, ಮೀನನ್ನು ನಂಬಿದ ಹಕ್ಕಿ ಬೇರೆಡೆಗೆ ಹೋಗುತ್ತದೆ. ಉತ್ಪಾದಕ, ಭಕ್ಷಕ, ವಿಘಟಕ ಎಂಬ ಪಾಠದ ಮೂರು ಪದಗಳ ಅರ್ಥ ಇದೇ.

ಆದರೆ “ಕೆರೆ ಹಾಳಾಗುತ್ತಿದೆ” ಎಂಬ ಮಾತು ವಿಜ್ಞಾನವಲ್ಲ. ಎಷ್ಟು, ಎಂದಿನಿಂದ ಎಂಬುದಕ್ಕೆ ಅಳತೆ ಬೇಕು. ಗೇಣು, ಮೊಳಗಳು ಕೈಯಿಂದ ಕೈಗೆ ಬೇರೆಯಾಗುತ್ತವೆ. ಗುರುಗಳ ಗೇಣು ಶಿಷ್ಯನ ಗೇಣಲ್ಲ. ಈ ತೊಡಕನ್ನು ನೀಗಲೆಂದೇ ನಮ್ಮ ದೇಶವು 1956ರ ಕಾಯಿದೆಯಿಂದ ಮೆಟ್ರಿಕ್ ಮಾನಗಳನ್ನು ಅಂಗೀಕರಿಸಿತು. ಅಳೆಯುವಾಗ ಕಣ್ಣು ಗುರುತಿಗೆ ನೇರವಾಗಿರಬೇಕು. ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. 36.4, 36.6, 36.5 ಸೆಂ.ಮೀ. ಬಂದರೆ ಸರಾಸರಿ 36.5 ಸೆಂ.ಮೀ.

ಮೂರು ಸುಲಭ ಅಭ್ಯಾಸಗಳನ್ನು ಸೂಚಿಸುತ್ತೇನೆ. ಒಂದು, ಹಗ್ಗದಿಂದ 1 ಮೀಟರ್ ಬದಿಯ ಚೌಕ ಮಾಡಿ, ಕೆರೆಯ ದಡದಲ್ಲಿಟ್ಟು, ಒಳಗಿನ ಗಿಡಗಳ ಬಗೆಗಳನ್ನೂ ಸಂಖ್ಯೆಯನ್ನೂ ಎಣಿಸಿರಿ. ಎರಡು, ಬಿಳಿಯ ತಟ್ಟೆಗೆ ದಾರ ಕಟ್ಟಿ ನೀರಿಗಿಳಿಸಿ, ಅದು ಮರೆಯಾಗುವ ಆಳವನ್ನು ಅಳೆಯಿರಿ. ಆಳ ಕಡಿಮೆಯಾದಷ್ಟೂ ನೀರು ಬಗ್ಗಡವೆಂದು ತಿಳಿಯಿರಿ. ಮೂರು, ನೇರ ಗೋಡೆಯ ಡಬ್ಬಿಯನ್ನು ಬಯಲಿನಲ್ಲಿಟ್ಟು ಮಳೆಯನ್ನು ಅಳೆಯಿರಿ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. 10 ಮೀಟರ್ ಉದ್ದ, 8 ಮೀಟರ್ ಅಗಲದ ಮಾಳಿಗೆಯ ಮೇಲೆ 25 ಮಿ.ಮೀ. ಮಳೆಯಾದರೆ 2,000 ಲೀಟರ್ ನೀರು ಬಿದ್ದಂತಾಯಿತು! ಗುರುಗಳು ಜೊತೆಯಲ್ಲಿಲ್ಲದೆ ಯಾರೂ ಕೆರೆಯ ಬಳಿ ಹೋಗಕೂಡದು.

ಈ ಅಂಕಿಗಳನ್ನು ದಿನಾಂಕ, ಸ್ಥಳಗಳೊಡನೆ ಒಂದು ದಪ್ಪ ಪುಸ್ತಕದಲ್ಲಿ ಬರೆದು, ವರ್ಷದ ಕೊನೆಯಲ್ಲಿ ಮುಂದಿನ ತರಗತಿಗೆ ಒಪ್ಪಿಸಿರಿ. ಒಂದು ವರ್ಷದ ಅಂಕಿ ಅಭ್ಯಾಸ ಮಾತ್ರ. ಹತ್ತು ವರ್ಷಗಳ ಅಂಕಿ ಊರಿನ ಕೆರೆಯ ಆರೋಗ್ಯದ ಸಾಕ್ಷ್ಯ. ಹಿರಿಯರು ಕೆರೆ ಕಟ್ಟಿಸಿ ನಮಗೆ ಬಿಟ್ಟುಹೋದರು. ಅದರ ಲೆಕ್ಕವನ್ನಾದರೂ ಬರೆದಿಟ್ಟು ಕಿರಿಯರಿಗೆ ಒಪ್ಪಿಸುವುದು ನಮ್ಮ ಪಾಲಿನ ಕರ್ತವ್ಯ.