ಇಸಿಜಿ ನಾರ್ಮಲ್ ಬಂತು, ಸರಿ. ಕೆಲಸ ಮಾಡುವಾಗ ಹೃದಯ ಹೇಗಿದೆ?

"ಇಸಿಜಿ ನಾರ್ಮಲ್ ಬಂದಿದೆ, ಏನೂ ಇಲ್ಲ ಬಿಡಿ." ನಮ್ಮ ಕೋಲಾರದ ಕಡೆ ಎದೆನೋವಿನ ಮಾತು ಸಾಮಾನ್ಯವಾಗಿ ಇಲ್ಲಿಗೇ ಮುಗಿದುಹೋಗುತ್ತೆ. ಅಷ್ಟರಲ್ಲಿ ಒಂದು ಸೋಡಾ, ಒಂದು ಗ್ಯಾಸ್ ಮಾತ್ರೆ ಹೊಟ್ಟೆಗೆ ಸೇರಿರುತ್ತೆ. ಆದರೆ ಇಸಿಜಿ ತೆಗೆಯುವಾಗ ಮನುಷ್ಯ ಆರಾಮಾಗಿ ಮಲಗಿರ್ತಾನೆ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕ್ರೇಟ್ ಹೊರುವಾಗ, ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎತ್ತುವಾಗ, ಮಾಲೂರು ಸ್ಟೇಷನ್ನಿನಲ್ಲಿ ಟ್ರೈನ್ ಹಿಡಿಯೋಕೆ ಓಡುವಾಗ ಅದೇ ಹೃದಯ ಏನು ಮಾಡುತ್ತಿತ್ತು ಅನ್ನೋದು ಆ ಕಾಗದದಲ್ಲಿ ಇರೋದಿಲ್ಲ.

ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಯಾವ ಸಿಸ್ಟಮ್ಮನ್ನೂ ಸುಮ್ಮನೆ ಕೂತಿರುವಾಗ ನೋಡಿ ಪಾಸ್ ಮಾಡೋದಿಲ್ಲ, ಲೋಡ್ ಕೊಟ್ಟು ನೋಡ್ತೀವಿ. ಹೃದಯಕ್ಕೂ ಅಂಥದೇ ಒಂದು ಲೋಡ್ ಟೆಸ್ಟ್ ಇದೆ. ಅದರ ಹೆಸರು ಸ್ಟ್ರೆಸ್ ಎಕೋ. ಕಳೆದ ವರ್ಷ ನಮ್ಮ ಮನೆಯವರೊಬ್ಬರಿಗೆ ಇದನ್ನು ಬರೆದುಕೊಟ್ಟಾಗ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಹೇಳ್ತಿದ್ದೀನಿ.

ಏನು ಮಾಡ್ತಾರೆ?

ಎಕೋ ಅಂದ್ರೆ ಅಲ್ಟ್ರಾಸೌಂಡ್ ಅಲೆಗಳಿಂದ ಹೃದಯವನ್ನು ನೋಡೋದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಇದನ್ನು ಶುರುಮಾಡಿದ್ದು, ಹಡಗುಕಟ್ಟೆಯಲ್ಲಿ ಲೋಹದೊಳಗಿನ ಬಿರುಕು ಪತ್ತೆ ಮಾಡುತ್ತಿದ್ದ ಯಂತ್ರದ ಸಹಾಯದಿಂದ.

ಸ್ಟ್ರೆಸ್ ಎಕೋದಲ್ಲಿ ಮೊದಲು ಮಲಗಿಸಿ ಒಂದು ಸಲ ಎಕೋ ತೆಗೀತಾರೆ. ಆಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸ್ತಾರೆ. ಎದೆಬಡಿತ ಗುರಿ ಮುಟ್ಟಿ, ಇನ್ನು ಸಾಕು ಅನ್ನಿಸಿದಾಗ ತಕ್ಷಣ ಮಲಗಿಸಿ, ಒಂದು–ಒಂದೂವರೆ ನಿಮಿಷದೊಳಗೆ ಮತ್ತೆ ಎಕೋ ತೆಗೀತಾರೆ. ಎರಡೂ ವಿಡಿಯೋ ಪಕ್ಕಪಕ್ಕ ಇಟ್ಟು ಹೃದಯದ ಗೋಡೆ ಎಲ್ಲೆಲ್ಲಿ ಸರಿಯಾಗಿ ಕುಗ್ಗುತ್ತಿಲ್ಲ ಅಂತ ನೋಡ್ತಾರೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ರಕ್ತನಾಳ ಕಿರಿದಾಗಿದ್ದರೆ ಶ್ರಮದ ಹೊತ್ತಲ್ಲಿ ರಕ್ತ ಸಾಲದೆ ಬರುತ್ತೆ. ಆಗ ಮೊದಲು ಆ ಭಾಗದ ಗೋಡೆ ಮಂದವಾಗುತ್ತೆ, ಆಮೇಲೆ ಇಸಿಜಿಯಲ್ಲಿ ಬದಲಾವಣೆ ಕಾಣುತ್ತೆ, ಎದೆನೋವು ಬರೋದು ಕೊನೆಗೆ. ಹಾಗಾಗಿ ಬರೀ ಇಸಿಜಿ ನೋಡುವ ಟಿಎಂಟಿಗೆ ಸಿಗದ ತೊಂದರೆ ಕೆಲವು ಸಲ ಇಲ್ಲಿ ಸಿಗುತ್ತೆ. ಇದರಲ್ಲಿ ರೇಡಿಯೇಷನ್ ಇಲ್ಲ, ಆಂಜಿಯೋಗ್ರಾಂನ ಡೈ ಕೂಡ ಇಲ್ಲ. ಕಿಡ್ನಿ ದುರ್ಬಲವಾಗಿರುವ ಸಕ್ಕರೆ ಕಾಯಿಲೆಯವರಿಗೆ ಇದು ದೊಡ್ಡ ಅನುಕೂಲ.

ಮಂಡಿ ನೋವಿದ್ದವರು ಏನು ಮಾಡ್ಬೇಕು?

ನಮ್ಮ ಜಿಲ್ಲೆಯ ಮಟ್ಟಿಗೆ ಇದು ಸಣ್ಣ ಪ್ರಶ್ನೆಯಲ್ಲ. ವರ್ಷಗಟ್ಟಲೆ ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದ ಊರುಗಳು ನಮ್ಮವು. ಅದರ ಮೇಲೆ ಹೊಲದ ಕೆಲಸ. ಅರವತ್ತು ದಾಟಿದ ಎಷ್ಟೋ ಜನರಿಗೆ ಮಂಡಿ, ಬೆನ್ನು ಹಿಡಿದುಕೊಂಡಿರುತ್ತೆ.

ಮುಳಬಾಗಿಲು ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಪ್ಪನದೂ ಅದೇ ಕಥೆ. 62 ವರ್ಷ, ಸಕ್ಕರೆ ಕಾಯಿಲೆ, ಟೊಮೆಟೊ ಬೆಳೆ. "ಏರು ಹತ್ತಿದ್ರೆ ಎದೆ ಹಿಡ್ಕೊಂಡಂಗಾಯ್ತದೆ ಕಣಪ್ಪಾ, ನಿಂತ್ರೆ ಹೋಯ್ತದೆ" ಅಂತಿದ್ದರು. ಮಂಡಿ ನೋವಿಂದ ಟ್ರೆಡ್‌ಮಿಲ್ ಮೇಲೆ ಎರಡು ನಿಮಿಷವೂ ಆಗಲಿಲ್ಲ.

ಇಂಥವರಿಗೆ ಡೊಬುಟಮಿನ್ ಅನ್ನೋ ಔಷಧಿಯನ್ನು ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಡ್ತಾರೆ. ಮೂರು ಮೂರು ನಿಮಿಷಕ್ಕೆ ಪ್ರಮಾಣ ಏರಿಸುತ್ತಾ ಹೋದರೆ, ಮಲಗಿದ್ದಲ್ಲೇ ಹೃದಯ ಓಡುವವರ ಹಾಗೆ ಬಡಿಯುತ್ತೆ. ಗುರಿಯ ಲೆಕ್ಕ ಸರಳ: 220ರಲ್ಲಿ ವಯಸ್ಸು ಕಳೆದು, ಅದರ ಶೇ. 85. ದೊಡ್ಡಪ್ಪನಿಗೆ ಅದು ನಿಮಿಷಕ್ಕೆ 134. ಎದೆ ಡವಡವ ಅನ್ನುತ್ತೆ, ಸ್ವಲ್ಪ ನಡುಕ ಬರಬಹುದು. ಔಷಧಿ ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಇಳಿಯುತ್ತೆ. ಅಪರೂಪಕ್ಕೆ ಬಡಿತ ಏರುಪೇರಾಗಬಹುದು, ಅದಕ್ಕೇ ಪೂರ್ತಿ ಹೊತ್ತು ವೈದ್ಯರು ಪಕ್ಕದಲ್ಲಿರಬೇಕು.

ಮುಂದಿನದು ಹೇಗೆ ಗೊತ್ತಾಗುತ್ತೆ?

ಈ ಪರೀಕ್ಷೆಯ ನಿಜವಾದ ಬೆಲೆ ಇರೋದು ಇಲ್ಲೇ. ಹೃದಯದ ಎಡ ಕೋಣೆಯ ಗೋಡೆಯನ್ನು ಸಾಮಾನ್ಯವಾಗಿ 17 ಭಾಗ ಮಾಡ್ತಾರೆ. ಚೆನ್ನಾಗಿ ಕುಗ್ಗುವ ಭಾಗಕ್ಕೆ 1, ಮಂದವಾದರೆ 2, ಅಲ್ಲಾಡದಿದ್ದರೆ 3, ಉಲ್ಟಾ ಉಬ್ಬಿದರೆ 4 ಅಂಕ. ಎಲ್ಲ ಕೂಡಿ 17ರಿಂದ ಭಾಗಿಸಿದರೆ ಒಂದು ಸ್ಕೋರ್ ಸಿಗುತ್ತೆ. ಪೂರ್ತಿ ನಾರ್ಮಲ್ ಅಂದ್ರೆ 1. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಕೆಟ್ಟದ್ದು.

ನ್ಯೂಯಾರ್ಕ್‌ನ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶ್ರಮದ ಹೊತ್ತಲ್ಲೂ ಸ್ಕೋರ್ 1 ಇದ್ದವರಿಗೆ ಹೃದಯಾಘಾತ ಅಥವಾ ಹೃದಯದಿಂದ ಸಾವು ಆಗಿದ್ದು ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ. 1.1ರಿಂದ 1.7ರವರೆಗೆ ಇದ್ದವರಲ್ಲಿ ಸುಮಾರು ಮೂವರಿಗೆ, 1.7 ದಾಟಿದವರಲ್ಲಿ ಸುಮಾರು ಐವರಿಗೆ. ಸ್ಕೋರ್ ಜೊತೆಗೆ ಇನ್ನೂ ಕೆಲವು ನೋಡ್ತಾರೆ: ಎಷ್ಟು ಬಡಿತಕ್ಕೇ ಗೋಡೆ ಮಂದವಾಯ್ತು, ಶ್ರಮದಲ್ಲಿ ಹೃದಯದ ಪಂಪಿಂಗ್ ಏರಿತೋ ಇಳಿಯಿತೋ, ಎಷ್ಟು ನಿಮಿಷ ನಡೆದರು. ಚೆನ್ನಾಗಿ ನಡೆಯೋಕೆ ಆಗೋದೇ ಒಂದು ಒಳ್ಳೆಯ ಸೂಚನೆ.

ದೊಡ್ಡಪ್ಪನಿಗೆ ಎರಡು ಭಾಗ ಮಂದವಾಗಿದ್ದವು, ಅದೂ ಬಡಿತ ಗುರಿಯ ಹತ್ತಿರ ಬಂದಾಗ. ಅಂದ್ರೆ 17ಕ್ಕೆ 19, ಸ್ಕೋರ್ 1.12. ರಿಪೋರ್ಟಿನಲ್ಲಿ "ಪಾಸಿಟಿವ್" ಅನ್ನೋ ಪದ ನೋಡಿದ್ದೇ ಮನೆಯಲ್ಲಿ ಗಲಾಟೆ. ಅಣ್ಣ ತೋಟ ಅಡ ಇಟ್ಟಾದರೂ ನಾಳೆಯೇ ಸ್ಟೆಂಟ್ ಹಾಕಿಸೋಣ ಅಂದ. ದೊಡ್ಡಮ್ಮ ಅಳೋಕೆ ಶುರುಮಾಡಿದರು. ನೋಡಿದ ವೈದ್ಯರು ಮಾತ್ರ, ಮೊದಲು ಮಾತ್ರೆ ಸರಿಯಾಗಿ ತಗೊಳ್ಳಿ, ಮೂರು ತಿಂಗಳು ನೋಡೋಣ, ನೋವು ಜಾಸ್ತಿಯಾದರೆ ತಕ್ಷಣ ಬನ್ನಿ ಅಂದರು.

ಆ ಮಾತಿಗೆ ಆಧಾರ ಇದೆ. ಇಸ್ಕೀಮಿಯಾ ಅನ್ನೋ ದೊಡ್ಡ ಪ್ರಯೋಗದಲ್ಲಿ, ಸ್ಟ್ರೆಸ್ ಟೆಸ್ಟ್‌ನಲ್ಲಿ ಮಧ್ಯಮದಿಂದ ತೀವ್ರ ತೊಂದರೆ ಕಂಡ 5,179 ಜನ ಇದ್ದರು. ಭಾರತದ ರೋಗಿಗಳೂ ಅದರಲ್ಲಿದ್ದರು. ಫಲಿತಾಂಶ ಹೊರಬಂದದ್ದು 2019ರ ಕೊನೆಗೆ. ಮೂರು ವರ್ಷಕ್ಕೂ ಮೀರಿದ ಅವಧಿಯಲ್ಲಿ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ, ಮಾತ್ರೆಯಿಂದ ಶುರುಮಾಡಿದವರಿಗೂ ಸಾವು–ಹೃದಯಾಘಾತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನೋವು ಹೆಚ್ಚಿದ್ದವರಿಗೆ ಸ್ಟೆಂಟ್‌ನಿಂದ ಆರಾಮ ಜಾಸ್ತಿ ಸಿಕ್ಕಿತು. ಎಡಗಡೆಯ ಮುಖ್ಯ ರಕ್ತನಾಳದ ಬ್ಲಾಕ್, ತೀರಾ ದುರ್ಬಲ ಹೃದಯ, ದಿನೇ ದಿನೇ ಏರುವ ನೋವು ಇದ್ದವರಿಗೆ ಈ ಮಾತು ಅನ್ವಯಿಸಲ್ಲ.

ದೊಡ್ಡಪ್ಪ ಈಗ ಮಾತ್ರೆಯಲ್ಲಿದ್ದಾರೆ, ಬೀಡಿ ಬಿಟ್ಟಿದ್ದಾರೆ. ತೋಟ ಅಡಕ್ಕೆ ಹೋಗಲಿಲ್ಲ. ಮುಂದೆ ಸ್ಟೆಂಟ್ ಬೇಕಾದರೂ ಬೇಕಾಗಬಹುದು. ಆದರೆ ಆ ನಿರ್ಧಾರ ಗಾಬರಿಯಲ್ಲಿ ಆಗೋದಿಲ್ಲ.

ನಾರ್ಮಲ್ ಬಂದರೆ ನಿಶ್ಚಿಂತೆಯಾ?

ಪೂರ್ತಿ ಅಲ್ಲ. ರಕ್ತ ಹರಿಯೋದಕ್ಕೆ ಅಡ್ಡಿ ಮಾಡುವಷ್ಟು ದೊಡ್ಡ ಬ್ಲಾಕ್ ಮಾತ್ರ ಇದರಲ್ಲಿ ಕಾಣುತ್ತೆ. ಸಣ್ಣ ಕೊಬ್ಬಿನ ಗಂಟು ಕಾಣಲ್ಲ, ಅದು ಒಡೆದು ರಕ್ತ ಹೆಪ್ಪುಗಟ್ಟಿದರೂ ಹೃದಯಾಘಾತ ಆಗುತ್ತೆ. ರಿಪೋರ್ಟ್ ಚೆನ್ನಾಗಿದೆ ಅಂತ ಬಿಪಿ ಮಾತ್ರೆ ಬಿಡೋದು, ಸಿಗರೇಟು ಹಚ್ಚೋದು ಬೇಡ. ಡೊಬುಟಮಿನ್ ಕೊಟ್ಟು ಮಾಡಿದ ನಾರ್ಮಲ್, ನಡೆದು ಬಂದ ನಾರ್ಮಲ್ಲಿನಷ್ಟು ಗಟ್ಟಿಯೂ ಅಲ್ಲ. ಯಾಕಂದ್ರೆ ನಡೆಯೋಕೆ ಆಗದವರಿಗೆ ಬೇರೆ ಕಾಯಿಲೆಗಳೂ ಇರುತ್ತವೆ.

ಯಾರಿಗೆ ಬೇಕು, ಯಾರಿಗೆ ಬೇಡ?

2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಭಯ ಅರ್ಥವಾಗುತ್ತೆ. ಆದರೆ ಲಕ್ಷಣವೇ ಇಲ್ಲದ ಮೂವತ್ತರ ನಮ್ಮಂಥವರಿಗೆ ಈ ಪರೀಕ್ಷೆ ಸಾಮಾನ್ಯವಾಗಿ ಬೇಕಾಗಿಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿದರೆ ಅದಕ್ಕಿಂತ ಉಪಯೋಗ. ಶ್ರಮಪಟ್ಟಾಗ ಎದೆ ಹಿಡಿಯುವವರು, ಏದುಸಿರು ಬರುವವರು, ಟಿಎಂಟಿ ಸ್ಪಷ್ಟವಾಗಿ ಬಾರದವರು, ಬ್ಲಾಕ್ ಇದ್ದು ಅದು ಎಷ್ಟು ತೊಂದರೆ ಕೊಡ್ತಿದೆ ಅಂತ ತಿಳಿಯಬೇಕಾದವರು ವೈದ್ಯರನ್ನು ಕೇಳಬಹುದು.

ನೋವು ಈಗಲೇ ಬರ್ತಿದ್ದರೆ, ಬೆವರು ಕಿತ್ತುಕೊಂಡು ಬರ್ತಿದ್ದರೆ ಇದು ಆ ಹೊತ್ತಿನ ಪರೀಕ್ಷೆಯಲ್ಲ. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿರೋದು ಇದಕ್ಕೇ.

ಕೇಳಬೇಕಾದ ನಾಲ್ಕು ಪ್ರಶ್ನೆ

ಅಪ್ಪ ಅಮ್ಮನಿಗೆ ಈ ಪರೀಕ್ಷೆ ಬರೆದುಕೊಟ್ಟರೆ ಜೊತೆಗೆ ಹೋಗಿ, ಸಾಧ್ಯವಾದರೆ ರಜೆ ಹಾಕಿ. ಯಾವ ಮಾತ್ರೆ ಆ ದಿನ ನಿಲ್ಲಿಸಬೇಕು, ಎಷ್ಟು ಗಂಟೆ ಉಪವಾಸ ಅಂತ ಮೊದಲೇ ಕೇಳಿಕೊಳ್ಳಿ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ರಿಪೋರ್ಟ್ ಕೈಗೆ ಬಂದಾಗ ಇಷ್ಟು ಕೇಳಿ:

1. ಬಡಿತ ಗುರಿ ಮುಟ್ಟಿತಾ?
2. ಎಷ್ಟು ಭಾಗ ಮಂದವಾಯ್ತು, ಎಷ್ಟು ಬಡಿತಕ್ಕೆ?
3. ಪಂಪಿಂಗ್ ಏರಿತಾ, ಇಳಿಯಿತಾ?
4. ಇದರ ಪ್ರಕಾರ ಅಪಾಯ ಕಡಿಮೆಯೋ, ಮಧ್ಯಮವೋ, ಹೆಚ್ಚೋ? ಮಾತ್ರೆ ಸಾಕಾ, ಆಂಜಿಯೋ ಬೇಕಾ?

ಎಷ್ಟು ಪರ್ಸೆಂಟ್ ಬ್ಲಾಕ್ ಅನ್ನೋದೊಂದೇ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ. ಅದರ ಜೊತೆಗೆ ಈ ನಾಲ್ಕನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.