ನಾಲ್ಕನೆಯ ಬಿಲ್ಲೆ

ಕಂಬಿ ಮುರಿದಿತ್ತು. ಒಂದು ಲಕ್ಷ ಸಲ ತೆರೆದು ಮುಚ್ಚುವಷ್ಟರಲ್ಲಿ, ಟೈಟೇನಿಯಂ ಚೌಕಟ್ಟಿಗೆ ಬೆಸೆದ ಜಾಗದಲ್ಲೇ ಅದು ತುಂಡಾಗಿತ್ತು. ತಿರುವನಂತಪುರದ ಪೂಜಾಪ್ಪುರದಲ್ಲಿ, ತಿರುವಾಂಕೂರು ರಾಜಮನೆತನ ಬಿಟ್ಟುಕೊಟ್ಟ ಸಾಟೆಲ್ಮಂಡ್ ಅರಮನೆಯಲ್ಲಿ ಕುಳಿತ ಎಂಜಿನಿಯರುಗಳಿಗೆ ಲೆಕ್ಕ ಹಾಕಲು ಕಾಗದವೇ ಬೇಕಿರಲಿಲ್ಲ. ಮನುಷ್ಯನ ಹೃದಯ ಲಕ್ಷ ಸಲ ಬಡಿಯಲು ಒಂದು ಹಗಲು, ಒಂದು ರಾತ್ರಿ ಸಾಕು. ಯಾರದಾದರೂ ಎದೆಯೊಳಗೆ ಇಟ್ಟಿದ್ದರೆ ಆ ಕೃತಕ ಕವಾಟ ಮರುದಿನವೇ ಕೈಕೊಡುತ್ತಿತ್ತು.

ಇಂಥ ಉಸಾಬರಿಗೆ ಕೈಹಾಕಿದವರು ಡಾ. ಎಂ.ಎಸ್. ವಲಿಯತ್ತಾನ್. ಮಾವೇಲಿಕ್ಕರದಲ್ಲಿ ಹುಟ್ಟಿ, ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದ ಅವರು ಎಪ್ಪತ್ತರ ದಶಕದಲ್ಲಿ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದರು. ಅವರ ಮುಂದೆ ಬರುತ್ತಿದ್ದ ರೋಗಿಗಳಲ್ಲಿ ಹೆಚ್ಚಿನವರು ಬಡವರು, ಎಳೆಯ ಪ್ರಾಯದವರು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು ಹೋಗಿರುತ್ತಿತ್ತು. ಅದರ ಬೆನ್ನಿಗೇ ಕೀಲುಗಳು ಬಾತು ಜ್ವರ ಬರುತ್ತಿತ್ತು. ರುಮ್ಯಾಟಿಕ್ ಎಂಬ ಆ ಜ್ವರ ಸದ್ದಿಲ್ಲದೆ ಹೃದಯದ ಕವಾಟವನ್ನು ಗಟ್ಟಿಯಾಗಿಸಿ, ಕುಗ್ಗಿಸಿ, ಸೋರುವಂತೆ ಮಾಡುತ್ತಿತ್ತು. ಕೇರಳದ ಕಡಲ ತೀರವಾಗಲಿ, ಆಗ ರಾಯಚೂರು ಜಿಲ್ಲೆಯಲ್ಲಿದ್ದ ಕೊಪ್ಪಳದ ಇರಕಲ್ಲಗಡವಾಗಲಿ, ಇಂಥ ಮಕ್ಕಳ ಕತೆ ಒಂದೇ. ಹತ್ತು ಹೆಜ್ಜೆ ನಡೆದರೆ ಏದುಸಿರು. ಬೆಂಗಳೂರಿಗೋ ವೆಲ್ಲೂರಿಗೋ ಹೋದರೆ ಡಾಕ್ಟರು ಹೇಳುತ್ತಿದ್ದುದು ಒಂದೇ ಮಾತು: "ವಾಲ್ವ್ ಬದಲಿಸಬೇಕು." ಆ ವಾಲ್ವ್ ಬರುತ್ತಿದ್ದುದು ಹೊರದೇಶದಿಂದ. ಅದರ ಬೆಲೆ ಕಟ್ಟಲು ಹೊಲ ಮಾರಿದರೂ ಸಾಲುತ್ತಿರಲಿಲ್ಲ.

ಹಾಗೆಂದು ಹೊರದೇಶದ ಕವಾಟಗಳ ಚರಿತ್ರೆಯೂ ನೆಮ್ಮದಿಯದೇನಲ್ಲ. ಮುಂದೆ ವಲಿಯತ್ತಾನ್ ಯಾರ ಜೊತೆ ಕೆಲಸ ಮಾಡಿದರೋ ಆ ಸರ್ಜನ್ ಚಾರ್ಲ್ಸ್ ಹಫ್ನಗೆಲ್ 1952ರಲ್ಲಿ ರೋಗಿಯ ಮಹಾಧಮನಿಯಲ್ಲಿ ಚೆಂಡಿನ ಕವಾಟ ಕೂರಿಸಿದ್ದರು. ಅದರ ಟಕ್ ಟಕ್ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಲೊವೆಲ್ ಎಡ್ವರ್ಡ್ಸ್ ಎಂಬ ನಿವೃತ್ತ ಎಂಜಿನಿಯರು ಕೃತಕ ಹೃದಯವನ್ನೇ ಮಾಡುತ್ತೇನೆಂದು ಬಂದಾಗ, ಯುವ ಸರ್ಜನ್ ಆಲ್ಬರ್ಟ್ ಸ್ಟಾರ್ ಮೊದಲು ಕವಾಟ ಮಾಡೋಣವೆಂದು ಅವರ ಮನ ಒಲಿಸಿದರು. ನಾಯಿಗಳ ಮೇಲಿನ ಪ್ರಯೋಗದಲ್ಲಿ ಕವಾಟದ ಸುತ್ತ ರಕ್ತ ಹೆಪ್ಪುಗಟ್ಟಿ, ಒಂದರ ಹಿಂದೊಂದು ನಾಯಿ ಸತ್ತಿತು. 1960ರ ಆಗಸ್ಟಿನಲ್ಲಿ ಮೊದಲ ರೋಗಿಗೆ ಆ ಕವಾಟ ಹಾಕಿದಾಗ ಅದೇನೋ ಸರಿಯಾಗಿಯೇ ಕೆಲಸ ಮಾಡಿತು. ಆದರೆ ಹೃದಯದೊಳಗೆ ಉಳಿದಿದ್ದ ಗಾಳಿ ಮೆದುಳಿಗೆ ಏರಿ ರೋಗಿ ಕೆಲವೇ ತಾಸಿನಲ್ಲಿ ತೀರಿಕೊಂಡರು. ಮರುತಿಂಗಳು ಎರಡನೆಯವರಿಗೆ ಹಾಕಿದರು. ಅವರು ಹತ್ತು ವರ್ಷ ಬಾಳಿದರು. ಸತ್ತದ್ದು ಕವಾಟ ಕೆಟ್ಟಲ್ಲ, ಮನೆಗೆ ಬಣ್ಣ ಬಳಿಯುವಾಗ ಬಿದ್ದು!

ತಿರುವನಂತಪುರದ ತಂಡ ಆರಿಸಿಕೊಂಡದ್ದು ಚೆಂಡನ್ನಲ್ಲ, ಓರೆಯಾಗಿ ತೆರೆದುಕೊಳ್ಳುವ ಬಿಲ್ಲೆಯನ್ನು. ಲೋಹದ ಬಳೆಯೊಳಗೆ ತೆಳುವಾದ ಒಂದು ಬಿಲ್ಲೆ, ಅದು ಜಾರಿ ಬೀಳದಂತೆ ಹಿಡಿಯಲು ಎರಡು ಕಂಬಿ, ಸುತ್ತಲೂ ಹೊಲಿಗೆ ಹಾಕಲು ಪಾಲಿಯೆಸ್ಟರ್ ಬಟ್ಟೆಯ ಅಂಚು. ನೋಡಲು ಇಷ್ಟೇ. ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಮತ್ತು ಸಂಗಡಿಗರ ಹತ್ತಾರು ವರ್ಷ ಈ ಇಷ್ಟರಲ್ಲೇ ಕಳೆಯಿತು.

ಬೆಸುಗೆಯೇ ಶತ್ರು ಎಂದು ಗೊತ್ತಾದ ಮೇಲೆ ಅದನ್ನೇ ಕೈಬಿಟ್ಟರು. ಎರಡನೆಯ ಮಾದರಿಯಲ್ಲಿ ಬಳೆಯನ್ನೂ ಕಂಬಿಯನ್ನೂ ಒಂದೇ ಟೈಟೇನಿಯಂ ತುಂಡಿನಿಂದ ಕೊರೆದು ತೆಗೆದರು. ಬಿಲ್ಲೆಗೆ ಹೊಳಪು ಕೊಟ್ಟ ಕೃತಕ ನೀಲಮಣಿ ಬಂತು. ಈ ಸಲ ಏನೂ ಮುರಿಯಲಿಲ್ಲ. ಆದರೆ ಕಲ್ಲಿನಷ್ಟು ಗಟ್ಟಿಯಾದ ಬಿಲ್ಲೆ ಮೆತ್ತನೆಯ ಟೈಟೇನಿಯಮ್ಮನ್ನು ಉಜ್ಜಿ ಉಜ್ಜಿ ಸವೆಸಿಬಿಟ್ಟಿತು. ಅದೂ ಮೂಲೆ ಸೇರಿತು.

ಮೂರನೆಯದಕ್ಕೆ ಜೆಟ್ ಎಂಜಿನ್ನಿನ ಬಿಸಿಯನ್ನೂ ತಾಳುವ ಹೇನ್ಸ್-25 ಎಂಬ ಕೋಬಾಲ್ಟ್ ಮಿಶ್ರಲೋಹ ತಂದರು. ಬಿಲ್ಲೆ ಮಾತ್ರ ಅದೇ ನೀಲಮಣಿಯದು. ಯಂತ್ರದ ಪರೀಕ್ಷೆಗಳಲ್ಲಿ ಇದು ಪಾಸಾಯಿತು. ಎಲ್ಲರ ಮುಖದಲ್ಲೂ ಕಳೆ ಬಂದಿರಬೇಕು. ಕವಾಟ ಕುರಿಯ ಹೃದಯ ಸೇರಿತು. ಕುರಿ ಎದ್ದು ನಿಂತಿತು, ಮೇಯಿತು, ದಿನಗಳು ಉರುಳಿದವು. ಮೂರು ತಿಂಗಳು ತುಂಬುವುದರೊಳಗೆ ಅದು ಸತ್ತುಹೋಯಿತು. ಕೊಯ್ದು ನೋಡಿದರೆ, ವಜ್ರಕ್ಕೆ ಮಾತ್ರ ಸೋಲುವಷ್ಟು ಗಟ್ಟಿಯೆಂದು ಬೀಗಿದ್ದ ಬಿಲ್ಲೆ ಒಡೆದಿತ್ತು.

ಅದೇ ಹೊತ್ತಿಗೆ ಜಗತ್ತಿನ ಇನ್ನೊಂದು ತುದಿಯಲ್ಲಿ ಇದಕ್ಕಿಂತ ದೊಡ್ಡ ಅನಾಹುತ ನಡೆಯುತ್ತಿತ್ತು. 1979ರಲ್ಲಿ ಮಾರುಕಟ್ಟೆಗೆ ಬಂದ ಬ್ಯೋರ್ಕ್-ಶೈಲಿ ಎಂಬ ಕವಾಟದ ಹೊಸ ಮಾದರಿಯಲ್ಲಿ, ಬೆಸೆದ ಕಂಬಿ ರೋಗಿಗಳ ಎದೆಯೊಳಗೇ ಮುರಿಯತೊಡಗಿತ್ತು. ಬಿಲ್ಲೆ ಕಳಚಿಕೊಂಡರೆ ಬದುಕುವ ಅವಕಾಶ ಕೆಲವೇ ಗಳಿಗೆಯದು. 1986ರಲ್ಲಿ ಅದನ್ನು ಹಿಂತೆಗೆಯುವ ವೇಳೆಗೆ ಸುಮಾರು 86,000 ಜನರ ಹೃದಯ ಸೇರಿಯಾಗಿತ್ತು. ಸಾಟೆಲ್ಮಂಡ್ ಅರಮನೆಯ ಮೇಜಿನ ಮೇಲೆ ಮೊದಲನೇ ಮಾದರಿಯಲ್ಲೇ ಬೆಸುಗೆ ಬಿಟ್ಟದ್ದು ಒಂದು ರೀತಿಯಲ್ಲಿ ಪುಣ್ಯವೇ.

ಕುರಿಯ ಸಾವಿನ ನಂತರ ತಂಡ ಯೋಚನೆಯ ದಾರಿಯನ್ನೇ ತಿರುಗಿಸಿತು. ಇನ್ನೂ ಗಟ್ಟಿಯಾದ್ದನ್ನು ಹುಡುಕುವುದು ನಿಂತಿತು. ಸೊಂಟದ ಕೃತಕ ಕೀಲಿಗೆ ಬಳಸುತ್ತಿದ್ದ, ಅತಿ ಹೆಚ್ಚು ಅಣುತೂಕದ ಪಾಲಿಥೀನ್ ಪ್ಲಾಸ್ಟಿಕ್ಕನ್ನು ಬಿಲ್ಲೆಯಾಗಿ ಕಡೆದು ಕೋಬಾಲ್ಟ್ ಬಳೆಯಲ್ಲಿ ಕೂರಿಸಿದರು. ನೀಲಮಣಿಯ ಜಾಗಕ್ಕೆ ಪ್ಲಾಸ್ಟಿಕ್ ಎಂದರೆ ಯಾರಿಗಾದರೂ ಅಳುಕು ಸಹಜ. ಯಂತ್ರ ಮತ್ತೆ ತಿರುಗಿತು. ಲಕ್ಷ ದಾಟಿತು, ಕೋಟಿ ದಾಟಿತು, 36 ಕೋಟಿ ದಾಟಿತು. ಹೃದಯದ ಲೆಕ್ಕದಲ್ಲಿ ಅದು ಸುಮಾರು ಹತ್ತು ವರ್ಷ. ಕುರಿಗಳೂ ಉಳಿದವು.

1990ರ ಡಿಸೆಂಬರ್ 6ರಂದು ಶ್ರೀ ಚಿತ್ರಾ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯಕ್ಕೆ ಚಿತ್ರಾ ಕವಾಟ ಹೊಲಿದರು. ಆಮೇಲೆ ದೇಶದ ಆರು ಆಸ್ಪತ್ರೆಗಳಲ್ಲಿ 306 ರೋಗಿಗಳಿಗೆ ಹಾಕಿ ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದರು. ಒಂದು ಕವಾಟವೂ ಮುರಿಯಲಿಲ್ಲ. ಟಿಟಿಕೆ ಕಂಪನಿ ತಯಾರಿಕೆಗೆ ಇಳಿಯಿತು. ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಎದೆಯನ್ನು ಅದು ಸೇರಿದೆ. ವಲಿಯತ್ತಾನ್ 1993ರಲ್ಲಿ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಕರ್ನಾಟಕಕ್ಕೆ ಬಂದರು, ಇಲ್ಲೇ ಉಳಿದು ಚರಕ, ಸುಶ್ರುತರ ಮೇಲೆ ಗ್ರಂಥ ಬರೆದರು, 2024ರ ಜುಲೈನಲ್ಲಿ ತೀರಿಕೊಂಡರು.

ನಾಲ್ಕನೆಯ ಬಿಲ್ಲೆ ಗೆದ್ದದ್ದು ಯಾಕೆ? ನೀಲಮಣಿ ಪೆಟ್ಟನ್ನು ನುಂಗಲಾರದು, ಬಳೆಗೆ ಬಡಿದಷ್ಟೂ ಒಳಗೊಳಗೇ ಬಿರುಕು ಬೆಳೆಯುತ್ತದೆ. ಪ್ಲಾಸ್ಟಿಕ್ ಬಿಲ್ಲೆ ಪೆಟ್ಟನ್ನು ನುಂಗುತ್ತದೆ, ಸದ್ದನ್ನೂ ತಗ್ಗಿಸುತ್ತದೆ. ಜೊತೆಗೆ ತನ್ನಷ್ಟಕ್ಕೆ ನಿಧಾನ ತಿರುಗುತ್ತಿರುವುದರಿಂದ ಸವೆತ ಒಂದೇ ಕಡೆ ಬೀಳುವುದಿಲ್ಲ.

ಒಂದು ಗಂಡಾಂತರವನ್ನು ಮಾತ್ರ ಯಾವ ಲೋಹವೂ ಯಾವ ಬಿಲ್ಲೆಯೂ ನೀಗಿಸಿಲ್ಲ. ಲೋಹದ ಕವಾಟ ರಕ್ತಕ್ಕೆ ಪರಕೀಯ. ರಕ್ತ ಅಲ್ಲಿ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಬಿಲ್ಲೆಯನ್ನು ಹಿಡಿದರೆ ಕವಾಟ ಕಚ್ಚಿಕೊಳ್ಳುತ್ತದೆ, ಚೂರಾಗಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇದನ್ನು ತಡೆಯಲು ಕೊಡುವ, ರಕ್ತ ತೆಳುವಾಗಿಸುವ ಮಾತ್ರೆ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಗುಲ್ಬರ್ಗ ವಿಭಾಗದಲ್ಲೇ ಮೊದಲು ಶುರುವಾಗಿ, ಕೊಪ್ಪಳದ ಬಡ ಕುಟುಂಬಗಳಿಗೂ ಹೃದಯದ ಆಪರೇಷನ್ ಕೈಗೆಟುಕಿತು. ಆದರೆ ಆಪರೇಷನ್ ಆದ ಮೇಲಿನ ಮಾತ್ರೆ ಜೀವಮಾನದ್ದು. ಆರಾಮಾಯಿತೆಂದು ಅದನ್ನು ಬಿಡಬಾರದು. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಪಿಟಿ-ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸಬಾರದು. ಹಲ್ಲು ಕೀಳಿಸುವ ಮುನ್ನ, ಬೇರೆ ಯಾವುದೇ ಔಷಧ ತಗೊಳ್ಳುವ ಮುನ್ನ, ಬಸಿರಾಗುವ ಯೋಚನೆ ಇದ್ದರೆ ಅದಕ್ಕೂ ಮುನ್ನ, ಎದೆಯಲ್ಲಿ ವಾಲ್ವ್ ಇದೆ ಎಂದು ಡಾಕ್ಟರಿಗೆ ಹೇಳಲೇಬೇಕು.